ಕೆಂಪು ಚುಕ್ಕೆಯ ಸೆಲ್ಲು

ಗುಂಡಿ ಒತ್ತಿದಳು. ಕೆಂಪು ದೀಪ ಮಿಟುಕಿ ಮಿಟುಕಿ ಆರಿಹೋಯಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ. ಗೇಶೆ ಬೊಯೆನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಕೈಯಲ್ಲಿದ್ದ ಆ ಕಪ್ಪು ಯಂತ್ರವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಒಂದು ಬೈಗುಳ ಹಾಕಿದಳು. ಆ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಾಲು ಕೈಕೊಡುವ ತನಕ ಉತ್ತರದ ಸಮುದ್ರದಂಡೆಯ ಎಮ್ಡೆನ್ ಊರಿನ ಸಿಟಿ ಬಸ್ಸು ಓಡಿಸಿದವಳು. ಬೈಗುಳಕ್ಕೆ ಅವಳಿಗೆ ಬರವಿರಲಿಲ್ಲ.

ಯಂತ್ರ ದೊಡ್ಡದೇನಲ್ಲ. ಕನ್ನಡಕದ ಡಬ್ಬಿಯಷ್ಟು. ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಂದ ಗಾಂಜಾ ಹೂವನ್ನು ಪುಡಿಮಾಡಿ ಅದರ ಪುಟ್ಟ ಒಲೆಗೆ ತುಂಬಿ ಗುಂಡಿ ಒತ್ತಿದರೆ, ಅದು ಸೊಪ್ಪನ್ನು ಸುಡದೆ ಬರೀ ಕಾಯಿಸುತ್ತದೆ. ಬರುವ ಆವಿಯನ್ನು ನಿಧಾನವಾಗಿ ಎಳೆದುಕೊಳ್ಳಬೇಕು. ಎಳೆದುಕೊಂಡ ಸ್ವಲ್ಪ ಹೊತ್ತಿಗೆ ಗೇಶೆಯ ಕಾಲು ಅವಳ ಮಾತು ಕೇಳುತ್ತಿದ್ದವು. ಇಲ್ಲವಾದರೆ ಇಲ್ಲ. ನರದ ಕಾಯಿಲೆ ಅವಳ ತೊಡೆಗಳನ್ನು ಹಲಗೆ ಮಾಡಿಬಿಟ್ಟಿತ್ತು. ಬೆಳಗಿನ ಹೊತ್ತು ಮೊಣಕಾಲು ಒಂದರ ಮೇಲೊಂದು ಕತ್ತರಿ ಹಾಕಿಕೊಂಡು ಬಿಗಿಯುತ್ತಿದ್ದವು. ಎರಡು ಕೈಯಲ್ಲಿ ಹಿಡಿದು ಎಳೆದರೂ ಬಿಡುತ್ತಿರಲಿಲ್ಲ; ಔಷಧಿ ಇಲ್ಲದಿದ್ದರೆ ಆ ಕೈಗಳಿಗೂ ನಡುಕ.

ಅಂಥ ಯಂತ್ರವನ್ನು ಅವಳು ಹೇಗೆ ನೋಡಿಕೊಳ್ಳುತ್ತಿದ್ದಳೆಂದರೆ, ಗಂಡ ಒಕ್ಕೊ ಅದಕ್ಕೆ 'ನಿನ್ನ ಉಗಿಬಂಡಿ' ಎಂದೇ ಹೆಸರಿಟ್ಟಿದ್ದ. ಒಲೆ ಬಿಸಿಯಿರುವಾಗಲೇ ಮೆತ್ತನೆ ಕೂದಲಿನ ಪುಟ್ಟ ಬ್ರಷ್ಷಿನಿಂದ ಅದರ ಜಾಲರಿ ಗುಡಿಸುತ್ತಿದ್ದಳು. ತಣ್ಣಗಾದರೆ ಜಿಡ್ಡು ಕಚ್ಚಿಕೊಳ್ಳುತ್ತದೆ. ಶನಿವಾರ ಬಾಯಿಗಿಡುವ ಕೊಳವೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಸೆಲ್ಲುಗಳ ವಿಷಯದಲ್ಲಂತೂ ಕೇಳುವುದೇ ಬೇಡ. ಹಸಿರು ದೀಪ ಬಂದ ಕೂಡಲೇ ಚಾರ್ಜರಿನಿಂದ ತೆಗೆಯಬೇಕು, ಪೂರ್ತಿ ಖಾಲಿಯಾಗುವ ತನಕ ಉಪಯೋಗಿಸಬಾರದು, ಚಳಿಗೆ ಇಡಬಾರದು, ಸೆಲ್ಲಿನ ತುದಿ ಬರಿದಾಗಿ ಬಿಡಬಾರದು. "ಸೆಲ್ಲನ್ನ ಡಬ್ಬಿ ಇಲ್ದೆ ಹಾಗೇ ಜೇಬಿಗೆ ಹಾಕ್ಬೇಡ ಕಣೋ," ಎಂದು ಒಕ್ಕೊಗೆ ನೂರು ಸಲ ಹೇಳಿದ್ದಳು. "ಬೀಗದ ಕೈ ತಾಗಿದ್ರೆ ಬೆಂಕಿ." ಒಕ್ಕೊ ಹೂಂಗುಟ್ಟಿದ್ದ. ಅವನು ಎಲ್ಲದಕ್ಕೂ ಹೂಂಗುಟ್ಟುವವನೇ.

ಗೇಶೆ ಯಂತ್ರದ ಬುಡದ ಮುಚ್ಚಳ ತಿರುಗಿಸಿ ಸೆಲ್ಲನ್ನು ಅಂಗೈಗೆ ಉದುರಿಸಿದಳು.

ಸೆಲ್ಲಿನ ಹೊಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ ಇತ್ತು.

ಆ ಚುಕ್ಕೆ ಇಟ್ಟವಳು ಅವಳೇ. ಉಗುರಿನ ಬಣ್ಣದಿಂದ. ಸತ್ತ ಸೆಲ್ಲು, ಇನ್ನು ಚಾರ್ಜ್ ಹಿಡಿಯುವುದಿಲ್ಲ ಎಂದು ಗುರುತು ಹಾಕಿ, ತುದಿಗಳಿಗೆ ಅಂಟುಪಟ್ಟಿ ಹಚ್ಚಿ, ಸೂಪರ್‌ಮಾರ್ಕೆಟ್ಟಿನ ಹಳೇ ಬ್ಯಾಟರಿ ಡಬ್ಬಕ್ಕೆ ಹಾಕಲು ಬಾಗಿಲ ಬಳಿಯ ಬೋಗುಣಿಯಲ್ಲಿ ಇಟ್ಟಿದ್ದಳು. ಈಗ ಅಂಟುಪಟ್ಟಿ ಇಲ್ಲ. ಬೆರಳಿಗೆ ಅಂಟಿನ ಜಿಗುಟು ಮಾತ್ರ ತಾಗಿತು. ಯಾರೋ ಅದನ್ನು ಉಗುರಿನಿಂದ ಕೆರೆದು ಕಿತ್ತಿದ್ದರು. ಕಿಟಕಿಯ ಕಟ್ಟೆಯ ಮೇಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಎಳೆದು ತೆರೆದಳು. ನಿನ್ನೆ ಚಾರ್ಜ್ ಮಾಡಿಟ್ಟಿದ್ದ ಎರಡನೇ ಸೆಲ್ಲೂ ಇಲ್ಲ. ಡಬ್ಬಿ ಖಾಲಿ.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಸೆಲ್ಲಿಗಂತೂ ಕಾಲಿಲ್ಲ.

"ಒಕ್ಕೊ!"

ಒಕ್ಕೊ ಒಲೆಯ ಮುಂದೆ ಬೆನ್ನು ಹಾಕಿ ನಿಂತು ಟೀಪಾಟಿಗೆ ಟೀಪುಡಿ ಹಾಕಿ ಕುದಿಯುವ ನೀರು ಸುರಿಯುತ್ತಿದ್ದ. ಹನ್ನೊಂದಕ್ಕೆ ವಿಮೆಯವರ ಕಡೆಯಿಂದ ಹೆಂಗಸು ಬರುವವಳಿದ್ದಳು. ಗೇಶೆಗೆ ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಎಂದು ನೋಡಿ ಬರೆದುಕೊಂಡು ಹೋಗುವವಳು. ಅವಳು ಬರೆದದ್ದರ ಮೇಲೆ, ದಿನಾ ಬೆಳಿಗ್ಗೆ ಮನೆಗೆ ಬಂದು ಗೇಶೆಯನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸುವ ಆಳು ಸಿಗುತ್ತಾಳೋ ಇಲ್ಲವೋ ಎನ್ನುವ ತೀರ್ಮಾನ. ಒಕ್ಕೊ ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಅದೇ ಅನುಮಾನಕ್ಕೆ ಸಾಕಾಗಿತ್ತು; ಮಾತಾಡದೆ ಇರುವ ಜಾತಿಯಲ್ಲ ಅವನು.

"ಯಾಕೆ, ಕೈಕೊಡ್ತಾ ಉಗಿಬಂಡಿ?" ಎಂದ, ತಿರುಗದೆ. "ಸೆಲ್ಲು ವೀಕಾಗಿರ್ಬೇಕು. ನಿನ್ನೆ ಚಾರ್ಜಿಗೆ ಹಾಕೋದು ಮರೆತ್ವೇನೋ ನಾವು."

ನಾವು!

ಆ ಶಬ್ದ ಕಿವಿಗೆ ಬಿದ್ದದ್ದೇ ಗೇಶೆಗೆ ಪಿತ್ತ ನೆತ್ತಿಗೇರಿತು. ಕಾಯಿಲೆ ಬಂದಾಗಿನಿಂದ, ಅದರ ಮಾತೆತ್ತುವಾಗ ಅವಳನ್ನು ಯಾರೂ 'ನೀನು' ಎಂದಿಲ್ಲ, 'ನೀವು' ಎಂದಿಲ್ಲ. ಎಲ್ಲರದೂ 'ನಾವು'. ಇವತ್ತು ಹೇಗಿದೀವಿ ನಾವು? ಮಾತ್ರೆ ನುಂಗಿದ್ವಾ ನಾವು? ಮಲ ಸರಿಯಾಗಿ ಹೋಯ್ತಾ ನಮಗೆ? ವ್ಯಾಯಾಮ ಮಾಡಿಸುವ ಹುಡುಗಿ, ಔಷಧಿ ಅಂಗಡಿಯವನು, ಡಾಕ್ಟರು, ಕೊನೆಗೆ ಕಟ್ಟಿಕೊಂಡ ಗಂಡ. ಸೂಜಿ ಚುಚ್ಚಿಸಿಕೊಳ್ಳುವಾಗ ಮಾತ್ರ ಅವಳೊಬ್ಬಳೇ. ಆಗ ಯಾವನೂ ತೋಳು ಚಾಚಿ 'ನಾವು' ಎನ್ನುತ್ತಿರಲಿಲ್ಲ.

"ಈ ಕಡೆ ತಿರುಗು."

"ಟೀ..."

"ಟೀ ಸುಡುಗಾಡಿಗೆ ಹೋಗ್ಲಿ. ತಿರುಗೋ!"

ಒಕ್ಕೊ ತಿರುಗಿದ. ಅವಳು ಸೆಲ್ಲನ್ನು ಎರಡು ಬೆರಳ ನಡುವೆ ಹಿಡಿದು ಎತ್ತಿ ತೋರಿಸಿದಳು. ಅವನ ಕಣ್ಣು ಕೆಂಪು ಚುಕ್ಕೆಯ ಮೇಲೆ ಬಿತ್ತು, ಅಲ್ಲಿಂದ ಜಾರಿ ನೆಲಕ್ಕೆ ಹೋಯಿತು. ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾದ ಆರಡಿ ಗಂಡಸು. ಸಿಕ್ಕಿಬಿದ್ದಾಗ ಮುಖ ಮಾತ್ರ ಮೂರನೇ ಕ್ಲಾಸಿನ ಮಗುವಿನದು.

"ಇದೇನಿದು?"

"ಸೆಲ್ಲು."

"ಸೆಲ್ಲು ಅಂತ ನಂಗೂ ಗೊತ್ತು ಕಣಯ್ಯಾ. ಈ ಚುಕ್ಕೆ ಏನು? ಯಾಕಿಟ್ಟಿದೀನಿ ಇದನ್ನ? ಹೇಳು ಬಾಯಿಬಿಟ್ಟು."

"ಸತ್ತಿದೆ ಅಂತ."

"ಸತ್ತಿರೋ ಸೆಲ್ಲು ಬೋಗುಣಿಯಿಂದ ಎದ್ದು ನಡ್ಕೊಂಡು ಬಂದು ನನ್ನ ಯಂತ್ರದೊಳಗೆ ಹೇಗೆ ಕೂತ್ಕೊಳ್ತು? ಅಂಟುಪಟ್ಟಿನ ತಾನೇ ಕಿತ್ತು ಬಿಸಾಕ್ತಾ? ನನ್ನ ಒಳ್ಳೇ ಸೆಲ್ಲು ಎರಡೂ ಎಲ್ಲಿ?"

ಒಕ್ಕೊ ಟೀಪಾಟನ್ನು ಮೇಜಿನ ಮೇಲೆ, ಅದನ್ನು ಬಿಸಿಯಾಗಿಡುವ ದೀಪದ ಸ್ಟ್ಯಾಂಡಿಗೆ ಇಟ್ಟ. ಕೈ ಒರೆಸಿಕೊಂಡ. ಅದೇ ಬಟ್ಟೆಯಿಂದ ಮೇಜು ಒರೆಸಿದ. ಒರೆಸುವುದಕ್ಕೆ ಅಲ್ಲೇನೂ ಇರಲಿಲ್ಲ. ಆಮೇಲೆ, "ಇವತ್ತೊಂದು ದಿನ ಗೇಶೆ," ಎಂದ. "ಆಯಮ್ಮ ಬಂದು ಹೋಗೋ ತನಕ. ಆಮೇಲೆ ಕೊಟ್ಬಿಡ್ತೀನಿ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಸತ್ತ ಸೆಲ್ಲನ್ನು ಮೇಜಿನ ಮೇಲೆ ಕುಕ್ಕಿದಳು.

ಹೋದ ವರ್ಷ ವಿಮೆಯವರ ಕಡೆಯಿಂದ ಬಂದಿದ್ದ ಹೆಂಗಸು ದಕ್ಷಿಣದ ಬೆಟ್ಟಗಳ ಕಡೆಯವಳು. ಅವಳು ಬರುವ ಮುಂಚೆ ಗೇಶೆ ಯಂತ್ರದ ಒಲೆಯನ್ನು ಎರಡು ಸಲ ತುಂಬಿ ಆವಿ ಎಳೆದುಕೊಂಡು, ನೀಲಿ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿ ಕೂತಿದ್ದಳು. ಮನೆಗೆ ಬಂದವರ ಮುಂದೆ ಕುಯ್ಯೋ ಮರ್ರೋ ಎನ್ನುವವಳಲ್ಲ. ಟೀ ಬಡಿಸಿದಳು. ಈ ಸೀಮೆಯಲ್ಲಿ ಟೀ ಬಡಿಸುವುದು ಮನೆಯೊಡತಿಯ ಕೆಲಸ. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಸುಡುವ ಟೀ, ಅಂಚಿನಿಂದ ಒಂದು ಚೂರು ಕೆನೆ. ಸಾಕಾದವರು ಚಮಚವನ್ನು ಬಟ್ಟಲಿನೊಳಗೆ ಇಡಬೇಕು. ಇಡದಿದ್ದರೆ ಇನ್ನೂ ಬೇಕು ಎಂದೇ ಲೆಕ್ಕ. ಆ ಬೆಟ್ಟದ ಹೆಂಗಸಿಗೆ ಇದು ಗೊತ್ತಿರಲಿಲ್ಲ. ಚಮಚವನ್ನು ನೀಟಾಗಿ ಸಾಸರಿನ ಮೇಲೆ ಇಡುತ್ತಾ ಹೋದಳು. ಗೇಶೆ ಸುರಿಯುತ್ತಾ ಹೋದಳು. ಆರು ಬಟ್ಟಲು! ಆ ಪುಣ್ಯಾತ್ಗಿತ್ತಿ ಹೊಟ್ಟೆ ಹಿಡಿದುಕೊಂಡು ಕುಡಿದದ್ದೂ ಕುಡಿದದ್ದೇ, ಕೊನೆಗೆ ವರದಿಯಲ್ಲಿ ಏನು ಬರೆದಳು? 'ತುಂಬಿದ ಟೀಪಾಟನ್ನು ಮತ್ತೆ ಮತ್ತೆ, ಕೈ ನಡುಗದೆ ಎತ್ತಬಲ್ಲರು.' ಆಳೂ ಇಲ್ಲ, ಗೀಳೂ ಇಲ್ಲ. ಗೇಶೆ ಆ ಕತೆಯನ್ನು ಸಿಕ್ಕವರಿಗೆಲ್ಲ ಹೇಳಿ ನಕ್ಕಿದ್ದಳು. ಒಕ್ಕೊ ಮಾತ್ರ ಒಂದು ಸಲವೂ ನಗಲಿಲ್ಲ ಎನ್ನುವುದು ಅವಳಿಗೆ ಈಗ ನೆನಪಾಯಿತು.

"ಅಂದ್ರೆ," ಎಂದಳು. ದನಿ ಸಣ್ಣಗಾಗಿತ್ತು, ಅವಳ ಸಿಟ್ಟು ಜಾಸ್ತಿಯಾದಷ್ಟೂ ದನಿ ಸಣ್ಣಗಾಗುತ್ತಿತ್ತು. "ನನ್ನ ಔಷಧಿ ಕದ್ದೆ ನೀನು. ಬೇಕಂತ. ಯಾವಳೋ ಬಂದು ಕೂತ್ಕೊಂಡು ನೋಡ್ಲಿ, ನಾನು ಅವಳ ಮುಂದೆ ಹಂದಿಮರಿ ಥರ ಕಿರುಚ್ಲಿ ಅಂತ."

"ಕಿರುಚ್ಲಿ ಅಂತ ಅಲ್ಲ ಕಣೇ. ನಿಜ ನೋಡ್ಲಿ ಅಂತ."

"ನಿಜ! ಕಳ್ಳತನ ಮಾಡಿ ನಿಜ ತೋರಿಸ್ತಾನಂತೆ ಇವನು. ನಾಚಿಕೆ ಆಗಲ್ವಾ ನಿಂಗೆ? ನೋವು ನಂದು ಕಣೋ! ಅದನ್ನ ಯಾರಿಗೆ ತೋರಿಸ್ಬೇಕು, ಯಾರಿಗೆ ತೋರಿಸ್ಬಾರ್ದು ಅಂತ ಹೇಳೋಳು ನಾನು. ನನ್ನ ಬಸ್ಸಿನ ಸ್ಟೀರಿಂಗಿಗೆ ಯಾವನಾದ್ರೂ ಕೈ ಹಾಕಿದ್ರೆ ಕೆನ್ನೆಗೆ ಬಾರಿಸ್ತಿದ್ದೆ. ನೀನು ನನ್ನ ಕಾಲಿಗೇ ಕೈ ಹಾಕಿದ್ಯಲ್ಲೋ!"

"ಕೇಳಿದ್ರೆ ನೀನು ಒಪ್ತಿದ್ಯಾ?"

"ಕೇಳಿ ನೋಡ್ಬೇಕಿತ್ತು!"

"ಕೇಳಿದೀನಿ!" ಒಕ್ಕೊ ಒಮ್ಮೆಲೇ ಕೂಗಿದ. ಅವನು ಕೂಗುವುದು ಅಪರೂಪ. ಕಿಟಕಿಯ ಗಾಜು ಗಿರ್ರೆಂದಿತು. "ವರ್ಷದಿಂದ ಕೇಳ್ತಾ ಇದೀನಿ. ಒಬ್ಬಳು ಆಳು ಬರ್ಲಿ ಅಂದ್ರೆ, ಹೊರಗಿನೋಳು ನನ್ನ ಮೈ ಮುಟ್ಟೋದು ಬೇಡ ಅಂತೀಯ. ಮುಟ್ಟೋನು ನಾನು, ಎತ್ತೋನು ನಾನು. ಹೋದ ತಿಂಗಳು ಬಚ್ಚಲಲ್ಲಿ ಇಬ್ರೂ ಬಿದ್ವಲ್ಲ, ನೀನು ನಕ್ಕೆ. ಟೈಲ್ಸ್ ಮೇಲೆ ಬಿದ್ಕೊಂಡು ನಗ್ತಾ ಇದ್ದೆ ನೀನು. ನಂಗೆ ಆವತ್ತು ಸೊಂಟ ಮುರಿದೇಹೋಯ್ತು ಅನ್ನಿಸ್ತು ಗೇಶೆ. ಇವತ್ತಿಗೂ ಬೂಟ್ಸಿನ ಲೇಸು ಕಟ್ಟಕ್ಕಾಗಲ್ಲ ನಂಗೆ. ನೋಡಿದೀಯಾ? ನೋಡಿಲ್ಲ. ಆ ಸೊಪ್ಪು ಎಳ್ಕೊಂಡ್ರೆ ನಿಂಗೆ ಒಂದೆರಡು ಗಂಟೆ ಚೆನ್ನಾಗಿರತ್ತೆ. ಆ ಗಂಟೆನೆಲ್ಲ ಬೇರೆಯೋರಿಗೆ ತೋರಿಸ್ತೀಯ. ಮಿಕ್ಕಿದ್ದು ನಂಗೆ."

ಗೇಶೆಗೆ ಇನ್ನೂ ಸಿಟ್ಟು ಬಂತು. ಹೊಡೆದವನು ನ್ಯಾಯ ಮಾತಾಡಿದರೆ ಹೊಡೆಸಿಕೊಂಡವರಿಗೆ ಆಗುವ ಸಿಟ್ಟು ಅದು, ಅದಕ್ಕೆ ಮದ್ದಿಲ್ಲ.

"ಸೆಲ್ಲು ಕೊಡು," ಎಂದಳು.

"ಹನ್ನೆರಡು ಗಂಟೆಗೆ ಕೊಡ್ತೀನಿ."

"ಕೊಡೋ ಕಳ್ಳ ನನ್ಮಗನೆ!"

ಒಕ್ಕೊ ಪ್ಯಾಂಟಿನ ಬಲಜೇಬಿನ ಮೇಲೆ ಅಂಗೈ ಇಟ್ಟುಕೊಂಡ. ಪಾಪ, ತಿಳಿಯದೆಯೇ ಇಟ್ಟುಕೊಂಡದ್ದು. ಗೇಶೆ ನೋಡಿದಳು. ಆ ಜೇಬಿನಲ್ಲಿ ಅವನು ಸೈಕಲ್ಲಿನ ಬೀಗದ ಕೈ, ಹಿತ್ತಲ ಶೆಡ್ಡಿನ ಬೀಗದ ಕೈ, ಚಿಲ್ಲರೆ, ಒಂದು ಮೊಳೆ, ಹೀಗೆ ಕಬ್ಬಿಣದ ಅಂಗಡಿಯನ್ನೇ ಇಟ್ಟುಕೊಂಡು ತಿರುಗುವವನು.

"ಒಕ್ಕೊ. ಸೆಲ್ಲು ಆ ಜೇಬಲ್ಲಿದೆಯಾ?"

"ಎಲ್ಲೋ ಇದೆ."

"ಕೀ ಗೊಂಚಲೂ ಅಲ್ಲೇ ಇದೆಯಾ?"

"ಸುಮ್ನೆ ಮಾತು ತಪ್ಪಿಸ್ಬೇಡ ನೀ..." ಎಂದವನು ಅರ್ಧಕ್ಕೇ ನಿಂತ. ಮುಖ ಒಂಥರಾ ಆಯಿತು. ತೊಡೆಯನ್ನು ಉಜ್ಜಿಕೊಂಡ. "ಇದೇನು ಬಿಸಿ..."

"ತೆಗಿ! ಆಚೆ ತೆಗಿ ಅದನ್ನ!"

ಅವನು ಜೇಬಿಗೆ ಕೈ ಹಾಕಿ 'ಹಾ' ಎಂದು ಚೀರಿ ಕೈ ಎಳೆದುಕೊಂಡ. ಇನ್ನೊಮ್ಮೆ ಹಾಕಿದ, ಇನ್ನೊಮ್ಮೆ ಎಳೆದುಕೊಂಡ. ಅಡುಗೆಮನೆಯ ನಡುವೆ ಒಂದೇ ಕಾಲಿನಲ್ಲಿ ಕುಣಿಯತೊಡಗಿದ. ಗೇಶೆ ಮೇಜಿನ ಅಂಚು ಹಿಡಿದು ಎದ್ದಳು. ಎದ್ದದ್ದೇನೋ ಹೌದು, ಎರಡು ಕಾಲೂ ಕತ್ತರಿ ಹಾಕಿಕೊಂಡು, ನಿಂತ ನಿಲುವಿನಲ್ಲೇ ಮರ ಬಿದ್ದ ಹಾಗೆ ಬಿದ್ದಳು. ಕುರ್ಚಿಯೂ ಉರುಳಿತು. ನೆಲದಿಂದಲೇ ಕೂಗಿದಳು:

"ಪ್ಯಾಂಟು ಬಿಚ್ಚೋ ಹೆಡ್ಡ!"

"ಬೆಲ್ಟು... ಬೆಲ್ಟು ಬರ್ತಿಲ್ಲ..."

"ಹತ್ರ ಬಾ! ಇಲ್ಲಿ ಬಾ!"

ಅವನು ಹತ್ತಿರ ಬಂದ. ಅವಳು ಮೊಣಕೈ ಊರಿಕೊಂಡು, ಬೆಲ್ಟಿನ ಕೊಕ್ಕೆ ಎಳೆದು, ಪ್ಯಾಂಟಿನ ಎರಡು ಕಾಲನ್ನೂ ಹಿಡಿದು ಇದ್ದ ಬದ್ದ ಬಲದಿಂದ ಕೆಳಕ್ಕೆ ಜಗ್ಗಿದಳು. ಪ್ಯಾಂಟು ಇಳಿಯಿತು. ಕೀ ಗೊಂಚಲು, ಚಿಲ್ಲರೆ, ಮೊಳೆ, ಎರಡು ಸೆಲ್ಲು, ಎಲ್ಲ ಟೈಲ್ಸಿನ ಮೇಲೆ ಚೆಲ್ಲಿದವು. ಒಂದು ಸೆಲ್ಲು ಸುಮ್ಮನೆ ಉರುಳಿ ಅವಳ ಮೊಣಕೈಗೆ ತಾಗಿ ನಿಂತಿತು. ಇನ್ನೊಂದರ ಹೊದಿಕೆ ಸುಕ್ಕುಗಟ್ಟಿ, ತುದಿಯಿಂದ ಸಣ್ಣಗೆ ಬುಸ್ಸೆಂದು ಹೊಗೆ ಬರುತ್ತಿತ್ತು. ಅಡುಗೆಮನೆಯೆಲ್ಲ ಗಂಟಲು ಹಿಡಿಯುವ ಸಿಹಿಸಿಹಿ ವಾಸನೆ.

"ಇಕ್ಕಳ ತಗೋ! ಬರಿಗೈಲಿ ಮುಟ್ಬೇಡ! ಆಚೆ ಮರಳಿನ ಬಕೆಟ್ಟಿಗೆ ಹಾಕು! ಉಸಿರು ಬಿಗಿಹಿಡ್ಕೊಂಡು ಓಡೋ!"

ಒಕ್ಕೊ ಸಾಸೇಜು ಮಗುಚುವ ಇಕ್ಕಳದಿಂದ ಸೆಲ್ಲನ್ನು ಹಿಡಿದು, ಪ್ಯಾಂಟಿನಿಂದ ಕಾಲು ಬಿಡಿಸಿಕೊಂಡು, ಚಡ್ಡಿಯಲ್ಲೇ ಓಡಿದ. ಬೀದಿಬಾಗಿಲು ತೆರೆದ ಸದ್ದು ಬಂತು. ಹಿಮದ ದಿನಗಳಲ್ಲಿ ಮೆಟ್ಟಿಲಿಗೆ ಎರಚಲು ಹೊರಗಿಟ್ಟಿದ್ದ ಬಕೆಟ್ಟಿಗೆ ಏನೋ ಬಿದ್ದ ಸದ್ದು. ಆಮೇಲೆ ಒಂದು ಹೆಂಗಸಿನ ದನಿ, ಸಮಾಧಾನದ ದನಿ, ಈ ಸೀಮೆಯ ನಮಸ್ಕಾರ ಹೇಳುತ್ತಾ:

"ಮೊಯಿನ್. ಸ್ವಲ್ಪ ಬೇಗ ಬಂದ್ನೇನೋ."

ವಿಮೆಯವರ ಕಡೆಯಿಂದ ಬಂದವಳ ಹೆಸರು ಹಾರ್ಮ್ಸ್. ಐವತ್ತರ ಆಚೀಚೆ, ಗಾಳಿಗೆ ಕೆಂಪಾದ ಕೆನ್ನೆ, ಪಕ್ಕದ ಹಳ್ಳಿಯವಳೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಈ ಸಮುದ್ರದಂಡೆಯ ಜನ ಯಾವುದಕ್ಕೂ ಬೇಗ ಬೆಚ್ಚುವುದಿಲ್ಲ. ಚಡ್ಡಿಯಲ್ಲಿ ನಿಂತ ಗಂಡಸನ್ನು ದಾಟಿ, ಬೂಟ್ಸು ಒರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಉರುಳಿದ ಕುರ್ಚಿ ನೋಡಿದಳು, ಹರಡಿದ ಚಿಲ್ಲರೆ ನೋಡಿದಳು, ನೆಲದ ಮೇಲೆ ಗಂಡಸಿನ ಪ್ಯಾಂಟು ಹಿಡಿದು ಬಿದ್ದುಕೊಂಡಿದ್ದ ಗೇಶೆಯನ್ನು ನೋಡಿದಳು. ಕಿಟಕಿ ತೆರೆದಳು. ಬಾಯಿಗೆ ರೂಢಿಯಾದ ಮಾತೇ ಬಂತು:

"ಹೇಗಿದೀವಿ ನಾವು ಇವತ್ತು?"

"ನಾವು ಅಂದ್ರೆ ಯಾರ್‍ಯಾರು?" ಎಂದಳು ಗೇಶೆ. "ನೆಲದ ಮೇಲೆ ಬಿದ್ದಿರೋದು ನಾನು. ತೊಡೆ ಸುಟ್ಕೊಂಡಿರೋನು ಅವನು. ನೀವು ಚೆನ್ನಾಗೇ ಇದೀರ ಅಂತ ಕಾಣತ್ತೆ."

ಹಾರ್ಮ್ಸ್ ಬ್ಯಾಗನ್ನು ನೆಲಕ್ಕಿಟ್ಟಳು. "ಸರಿ," ಎಂದಳು. "ನೀವು ಹೇಗಿದೀರ?"

"ಎತ್ತಿ ಮೊದಲು."

ಒಕ್ಕೊ ಬಂದು ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟ. ಹಾರ್ಮ್ಸ್ ಕಾಲು ಹಿಡಿದಳು. ಎತ್ತುವಾಗ ಒಕ್ಕೊನ ಗಂಟಲಿನಿಂದ ಒಂದು ಸದ್ದು ಬಂತು. ದಿನಾ ಬರುವ ಸದ್ದೇ. ದಿನಾ ಅವಳ ಕಿವಿಯ ಹಿಂದೆಯೇ ಬರುತ್ತಿದ್ದರೂ ಅವಳು ಅದನ್ನು ಕೆಮ್ಮು ಎಂದುಕೊಂಡಿದ್ದಳು. ಕುರ್ಚಿಯಲ್ಲಿ ಕೂತ ಮೇಲೆ ಅವನ ತೊಡೆ ಕಣ್ಣೆದುರೇ ಇತ್ತು. ಅಂಗೈಯಷ್ಟಗಲ ಕೆಂಪಗಾಗಿ, ನಡುವೆ ಬೊಬ್ಬೆ ಏಳುತ್ತಿತ್ತು.

"ನಲ್ಲಿ ಕೆಳಗೆ ಹಿಡಿ ಅದನ್ನ," ಎಂದಳು ಅವನ ಮುಖ ನೋಡದೆ. "ಆಮೇಲೆ ಒದ್ದೆ ಬಟ್ಟೆ ಹಾಕ್ಕೋ. ಬೆಣ್ಣೆ ಗಿಣ್ಣೆ ಮೆತ್ಕೋಬೇಡ."

ಒಕ್ಕೊ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡು, ಮೇಲಂಗಿ ಸುತ್ತಿಕೊಂಡು, ತೊಡೆಗೆ ಒದ್ದೆ ಟವೆಲ್ಲು ಒತ್ತಿಕೊಂಡು ಬಂದ. ಹಾರ್ಮ್ಸ್ ಕೂತು ಕಂಪ್ಯೂಟರು ತೆರೆದಿದ್ದಳು. "ಏನಾಯ್ತು ಇಲ್ಲಿ?" ಎಂದಳು.

ಒಕ್ಕೊ ಗೇಶೆಯ ಕಡೆ ನೋಡಿದ. ಅವಳ ಒಂದು ಮಾತು ಸಾಕಿತ್ತು. ವಿಮೆಯವರ ಕಣ್ಣಿಗೆ ಮಣ್ಣೆರಚಲು ಹೆಂಡತಿಯ ಔಷಧಿ ಬಚ್ಚಿಟ್ಟ ಗಂಡ ಎಂದು ಅವಳು ಹೇಳಿಬಿಟ್ಟರೆ, ಈ ಹೆಂಗಸು ಕಂಪ್ಯೂಟರು ಮುಚ್ಚಿಕೊಂಡು ಎದ್ದುಹೋಗುತ್ತಾಳೆ. ಇನ್ನು ಯಾವ ಆಳೂ ಈ ಮನೆಯ ಹೊಸಿಲು ತುಳಿಯುವುದಿಲ್ಲ. ಹೇಳಬೇಕು ಎಂದು ಗೇಶೆಯ ನಾಲಿಗೆ ಹಪಹಪಿಸಿತು. ಹೇಳಿ ಅವನ ಮುಖ ನೋಡಬೇಕು. ಜೇಬಿನಿಂದ ಬಿದ್ದ ಒಳ್ಳೆಯ ಸೆಲ್ಲು ಅವಳ ಮುಷ್ಟಿಯೊಳಗಿತ್ತು. ಬಿದ್ದಾಗ ಹಿಡಿದುಕೊಂಡದ್ದು, ಎತ್ತುವಾಗಲೂ ಬಿಟ್ಟಿರಲಿಲ್ಲ.

"ಸೆಲ್ಲು ಶಾರ್ಟಾಯ್ತು," ಎಂದಳು. "ನನ್ನ ಔಷಧಿ ಯಂತ್ರದ್ದು. ಕೀ ಜೊತೆ ಜೇಬಿಗೆ ಹಾಕ್ಕೊಂಡ ಮಹಾನುಭಾವ. ನಾನು ಇವತ್ತು ಇನ್ನೂ ಔಷಧಿ ತಗೊಂಡಿಲ್ಲ. ಈಗ ನೀವು ನೋಡ್ತಿರೋದು ಔಷಧಿ ಇಲ್ಲದ ಗೇಶೆ. ಚೆನ್ನಾಗಿ ನೋಡ್ಕೊಳ್ಳಿ, ಪ್ರದರ್ಶನ ಹೆಚ್ಚು ಹೊತ್ತಿಲ್ಲ. ಆಮೇಲೆ ತಗೋತೀನಿ. ಆಗಲೂ ನೋಡಿ. ಎರಡೂ ಬರ್ಕೊಳ್ಳಿ."

"ಟೀಪಾಟು ಎತ್ತೋಕಾಗತ್ತಾ ನಿಮಗೆ?" ಎಂದಳು ಹಾರ್ಮ್ಸ್.

ಗೇಶೆ ಕೈ ಚಾಚಿದಳು. ಟೀಪಾಟಿನ ಹಿಡಿಗೆ ಬೆರಳು ತಾಗಿದ್ದೇ ತಡ, ಮುಚ್ಚಳ ಕಟಕಟ ಎಂದಿತು. ಎಲ್ಲರೂ ಆ ಸದ್ದು ಕೇಳಿದರು. ಕೈ ಹಿಂದೆ ತೆಗೆದುಕೊಂಡಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳಿದ್ದಾಗ ಇನ್ನೊಬ್ಬರು ಟೀ ಬಡಿಸಿದ್ದಿಲ್ಲ.

"ಒಕ್ಕೊ, ನೀನೇ ಸುರಿ," ಎಂದಳು.

ಅವನು ಸುರಿದ. ಕೆನೆಯನ್ನು ಅಂಚಿನಿಂದ ಬಿಡುವ ಬದಲು ನಡುವಿಗೆ ಹುಯ್ದ. ಇನ್ನೊಂದು ದಿನವಾಗಿದ್ದರೆ ಅವಳು ಅದಕ್ಕೂ ಬೈಯುತ್ತಿದ್ದಳು.

"ಹೋದ ವರ್ಷ ಎತ್ತಿದ್ರಂತಲ್ಲ," ಎಂದಳು ಹಾರ್ಮ್ಸ್ ಪರದೆ ನೋಡುತ್ತಾ. "ಮತ್ತೆ ಮತ್ತೆ ಎತ್ತಿದ್ರು ಅಂತಿದೆ ಇಲ್ಲಿ."

"ಆರು ಸಲ. ಆಯಮ್ಮ ಚಮಚ ಇಡ್ಲೇ ಇಲ್ಲ."

ಹಾರ್ಮ್ಸ್ ಬಾಯಲ್ಲಿದ್ದ ಟೀ ಮೂಗಿಗೆ ಹತ್ತಿ ಕೆಮ್ಮಿದಳು. "ಅಯ್ಯೋ ದೇವ್ರೇ! ದಕ್ಷಿಣದೋಳಾ?"

"ಮತ್ತೆ? ಇಲ್ಲಿಯೋಳು ಆಗಿದ್ರೆ ಆರು ಬಟ್ಟಲು ಕುಡೀತಿದ್ಲಾ? ಮೊದ್ಲೇ ಔಷಧಿ ಎಳ್ಕೊಂಡಿದ್ದೆ ನಾನು. ಆ ಹೆಣದ ಪಾಟು ಎತ್ತಿ ಎತ್ತಿ ತೋಳು ಬಿದ್ದುಹೋಗಿತ್ತು." ನಗುತ್ತಾ ಶುರುಮಾಡಿದ ಗೇಶೆ ನಗದೆ ನಿಲ್ಲಿಸಿದಳು. "ಅವಳು ಹೋದ್ಮೇಲೆ ಏನಾಯ್ತು ಅಂತ ಇವನನ್ನ ಕೇಳಿ. ನಂಗೆ ಅಷ್ಟು ಗೊತ್ತಿಲ್ಲ."

ಒಕ್ಕೊ ಟವೆಲ್ಲು ತಿರುಗಿಸಿ ಹಾಕಿಕೊಂಡ. "ಅವತ್ತು ಸಂಜೆ ನಾವು..." ಎಂದು ಶುರುಮಾಡಿದ. ನಿಲ್ಲಿಸಿದ. "ನಾನು," ಎಂದ. "ನಾನು ಎತ್ಕೊಂಡು ಹೋಗಿ ಮಲಗಿಸ್ದೆ. ಇಡೀ ರಾತ್ರಿ ಕಾಲು ಹಿಡ್ಕೊಂಡು ಕೂತಿದ್ದೆ. ಹಿಡೀದೆ ಇದ್ರೆ ಕುಣಿತಿದ್ವು. ಅದು ಅವತ್ತೊಂದು ದಿನ ಅಲ್ಲ. ನಂಗೆ... ನಂಗೆ ಆಗ್ತಿಲ್ಲ ಮೇಡಂ. ಎತ್ತಕ್ಕಾಗ್ತಿಲ್ಲ. ಯಾವತ್ತೋ ಒಂದಿನ ಕೈ ಬಿಟ್ಬಿಡ್ತೀನಿ ಅಂತ ಭಯ."

ಹಾರ್ಮ್ಸಳ ಬೆರಳು ಕಂಪ್ಯೂಟರಿನ ಕೀಲಿಗಳ ಮೇಲೆ ಟಕಟಕ ಓಡಿದವು. ಗೇಶೆ ಗೋಡೆ ನೋಡುತ್ತಾ ಕೂತಳು. ಅವನ ಮೇಲಿನ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಿಟ್ಟು ಬಂದು ಕೂತಿತ್ತು, ಅದು ಅವನ ಮೇಲಿನದಲ್ಲ. ಇಷ್ಟು ವರ್ಷ ಈ ಭಯವನ್ನು ತನ್ನ ಹತ್ತಿರ ಹೇಳದೆ, ಯಾರೋ ಹೊರಗಿನವಳ ಹತ್ತಿರ ಹೇಳುತ್ತಿದ್ದಾನಲ್ಲ ಎಂದುಕೊಂಡಳು. ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂದೂ ಎನ್ನಿಸಿತು. ಆ ಎರಡನೇ ಮಾತು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಮುಷ್ಟಿ ಬಿಚ್ಚಿದಳು. ಸೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊದಿಕೆ ಎಲ್ಲಾದರೂ ಹರಿದಿದೆಯೇ, ಉಬ್ಬಿದೆಯೇ ಎಂದು ಸುತ್ತಲೂ ತಿರುಗಿಸಿ ನೋಡಿದಳು. ಒಳ್ಳೆಯದೇ. ತುದಿಯನ್ನು ಹತ್ತಿಕಡ್ಡಿಯಿಂದ ಒರೆಸಿ ಯಂತ್ರಕ್ಕೆ ಹಾಕಿದಳು. ಮುಚ್ಚಳದ ತಿರುಪು ಕೂರಲಿಲ್ಲ, ಬೆರಳು ನಡುಗುತ್ತಿತ್ತು. ಒಕ್ಕೊ ಕೈ ಮುಂದೆ ಚಾಚಿದ.

"ಮುಟ್ಬೇಡ."

ಅವನು ಕೈ ತೆಗೆದ. ಮೂರನೇ ಸಲಕ್ಕೆ ತಿರುಪು ಕೂತಿತು. ಹೂವನ್ನು ಪುಡಿಮಾಡಿ, ಒಲೆಗೆ ಹಗುರಾಗಿ ತುಂಬಿದಳು. ಒತ್ತಿ ತುಂಬಿದರೆ ಗಾಳಿಯಾಡುವುದಿಲ್ಲ. ಅರ್ಧ ಪುಡಿ ಮೇಜಿನ ಮೇಲೆ ಚೆಲ್ಲಿತು. ಗುಂಡಿ ಒತ್ತಿದಳು. ಹಸಿರು ದೀಪ. ಕಾದು, ಕಣ್ಣು ಮುಚ್ಚಿ, ನಿಧಾನವಾಗಿ ಎಳೆದುಕೊಂಡಳು. ಹುರಿದ ಸೊಪ್ಪಿನ ವಾಸನೆ ಸುಟ್ಟ ಸೆಲ್ಲಿನ ವಾಸನೆಯ ಮೇಲೆ ಹರಡಿತು. ಹಾರ್ಮ್ಸ್ ಎರಡನೇ ಬಟ್ಟಲು ಕುಡಿದಳು, ಮೂರನೆಯದೂ ಕುಡಿದಳು. ಅಷ್ಟರಲ್ಲಿ ಮೇಜಿನ ಕೆಳಗೆ ಗೇಶೆಯ ಮೊಣಕಾಲು ಒಂದರಿಂದೊಂದು ಬಿಟ್ಟುಕೊಂಡು, ಪಾದ ಎರಡೂ ನೆಲಕ್ಕೆ ಚಪ್ಪಟೆಯಾಗಿ ತಾಗಿದವು.

"ನೋಡಿದ್ರಾ?"

"ನೋಡ್ದೆ," ಎಂದಳು ಹಾರ್ಮ್ಸ್. "ಕಂಡಿದ್ದು ಬರೀತೀನಿ. ಎರಡೂ." ಚಮಚವನ್ನು ಬಟ್ಟಲಿನೊಳಗೆ ಇಟ್ಟು ಎದ್ದಳು. ಬಾಗಿಲ ಬಳಿ ನಿಂತು, "ಆ ಬಕೆಟ್ಟನ್ನ ಇವತ್ತು ಒಳಗೆ ತರ್ಬೇಡಿ," ಎಂದಳು. ಹೋದಳು.

ಮನೆಯಲ್ಲಿ ಮತ್ತೆ ಇಬ್ಬರೇ ಉಳಿದರು. ಕಿಟಕಿಯಿಂದ ಕಾಲುವೆಯ ಮೇಲಿನ ತಣ್ಣನೆ ಗಾಳಿ ಬರುತ್ತಿತ್ತು. ಒಕ್ಕೊ ಕಷ್ಟಪಟ್ಟು ಬಗ್ಗಿ ನೆಲದ ಮೇಲಿನ ಕೀ ಗೊಂಚಲು, ಚಿಲ್ಲರೆ ಹೆಕ್ಕಿದ. ಮೊಳೆಯನ್ನೂ ಹೆಕ್ಕಿದ. ಕೆಂಪು ಚುಕ್ಕೆಯ ಸೆಲ್ಲನ್ನು ಮೇಜಿನಿಂದ ತೆಗೆದುಕೊಂಡು, ಡ್ರಾಯರಿನಿಂದ ಅಂಟುಪಟ್ಟಿ ಹುಡುಕಿ, ಎರಡು ತುದಿಗೂ ಅಂಟಿಸಿ ಬೋಗುಣಿಗೆ ಹಾಕಿದ. ಗೇಶೆ ಅಷ್ಟನ್ನೂ ನೋಡುತ್ತಿದ್ದಳು. ಬ್ರಷ್ಷು ತೆಗೆದುಕೊಂಡು, ಇನ್ನೂ ಬಿಸಿಯಿದ್ದ ಜಾಲರಿಯನ್ನು ಗುಡಿಸಿದಳು.

"ಅವಳು ಬರ್ಲಿ," ಎಂದಳು ಜಾಲರಿ ನೋಡುತ್ತಲೇ. "ಆ ಆಳು. ಆದ್ರೆ ಸ್ನಾನದ ನೀರು ಎಷ್ಟು ಬಿಸಿ ಇರ್ಬೇಕು ಅಂತ ಹೇಳೋಳು ನಾನು. ನೀನಲ್ಲ."

"ಹೂಂ."

"ಹೂಂ ಅನ್ಬೇಡ. ಹೂಂ ಅಂದೂ ಅಂದೂ ತೊಡೆ ಸುಟ್ಕೊಂಡೆ."

ಒಕ್ಕೊ ಅವಳ ಎದುರು ಕೂತ. ಅವನದು ಇನ್ನೂ ಎರಡನೇ ಬಟ್ಟಲು, ಆರಿ ತಣ್ಣಗಾಗಿತ್ತು. ಒಂದೇ ಗುಟುಕಿಗೆ ಕುಡಿದು, ಚಮಚವನ್ನು ಬಟ್ಟಲಿನೊಳಗೆ ಇಟ್ಟ. ಸಾಕು ಎಂದು. ಕೈ ಎರಡನ್ನೂ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದ.

ಗೇಶೆ ಬಗ್ಗಿ ಅವನ ಬಟ್ಟಲಿನಿಂದ ಚಮಚ ತೆಗೆದಳು. ತೆಗೆದು ಸಾಸರಿನ ಮೇಲೆ ಟಣ್ಣೆಂದು ಇಟ್ಟಳು. ಒಂದು ತುಂಡು ಕಲ್ಲುಸಕ್ಕರೆ ಹಾಕಿದಳು. ಟೀಪಾಟಿಗೆ ಎರಡೂ ಕೈ ಕೊಟ್ಟು ಎತ್ತಿದಳು. ಮುಚ್ಚಳ ಸ್ವಲ್ಪ ಕಟಕಟ ಎಂದಿತು, ಒಂದಿಷ್ಟು ಟೀ ಸಾಸರಿಗೂ ಚೆಲ್ಲಿತು. ಆದರೆ ಸುರಿದಳು, ಬಟ್ಟಲು ತುಂಬುವ ತನಕ.

"ಕುಡಿ," ಎಂದಳು. "ಜಗಳ ಇನ್ನೂ ಮುಗಿದಿಲ್ಲ ನಮ್ದು."

ಒಕ್ಕೊ ಕಣ್ಣು ತೆರೆದ. ಬಟ್ಟಲಿನ ತಳದಲ್ಲಿ ಕಲ್ಲುಸಕ್ಕರೆ ಚಿಟ್ಟೆಂದು ಸೀಳಿತು.